ವಿಶ್ವವಿದ್ಯಾಲಯಗಳ ಬೋಧಕೇತರ ಹುದ್ದೆಗಳು: ಅರ್ಜಿದಾರರ ತಿಳಿವಳಿಕೆಗಾಗಿ

ವಿಶ್ವವಿದ್ಯಾಲಯಗಳಲ್ಲಿ ಪ್ರವೇಶ, ಪರೀಕ್ಷೆ, ಅಂಕಪಟ್ಟಿ, ಘಟಿಕೋತ್ಸವ, ವೇತನ, ವಿದ್ಯಾರ್ಥಿನಿಲಯ ಮುಂತಾದ ಕಾರ್ಯಗಳನ್ನು ಬೋಧಕೇತರ ಸಿಬ್ಬಂದಿಯು ನಿರ್ವಹಿಸುತ್ತದೆ. ಅಂಕಪಟ್ಟಿಯಲ್ಲಿ ಹೆಸರಿನ ಒಂದಕ್ಷರವನ್ನು ತಿದ್ದಿಸಲು ಅಲೆದಾಡಿದವರಿಗೆ ಈ ಹುದ್ದೆಗಳ ಮಹತ್ವವನ್ನು ವಿವರಿಸಬೇಕಾಗಿಲ್ಲ.

ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ಅಧಿನಿಯಮ, 2000ಕ್ಕೆ ಒಳಪಟ್ಟ ವಿಶ್ವವಿದ್ಯಾಲಯಗಳಲ್ಲಿ ಆಡಳಿತಕ್ಕೆ ಕುಲಸಚಿವರು, ಪರೀಕ್ಷೆಗಳಿಗೆ ಕುಲಸಚಿವರು (ಮೌಲ್ಯಮಾಪನ) ಹಾಗೂ ಲೆಕ್ಕಪತ್ರಗಳಿಗೆ ಹಣಕಾಸು ಅಧಿಕಾರಿಗಳು ಇರುತ್ತಾರೆ. ಇವರ ಅಧೀನದಲ್ಲಿ ಉಪ ಕುಲಸಚಿವ, ಸಹಾಯಕ ಕುಲಸಚಿವ, ಅಧೀಕ್ಷಕ, ಪ್ರಥಮ ದರ್ಜೆ ಸಹಾಯಕ, ದ್ವಿತೀಯ ದರ್ಜೆ ಸಹಾಯಕ ಮೊದಲಾದ ಹುದ್ದೆಗಳಿವೆ. ಸಾಮಾನ್ಯವಾಗಿ ದ್ವಿತೀಯ ದರ್ಜೆ ಸಹಾಯಕ ಹುದ್ದೆಗೆ ಪಿ.ಯು.ಸಿ., ಪ್ರಥಮ ದರ್ಜೆಗೆ ಪದವಿ ವಿದ್ಯಾರ್ಹತೆಯಾಗಿರುತ್ತದೆ.

ಅರ್ಜಿ ಸಲ್ಲಿಸುವ ಮುನ್ನ ಹುದ್ದೆಯ ಸ್ವರೂಪವನ್ನು ತಿಳಿದುಕೊಳ್ಳುವುದು ಅತ್ಯಗತ್ಯ. ಮಂಜೂರಾದ ಹುದ್ದೆಗೆ ಅಧಿಸೂಚನೆ ಹೊರಡಿಸಿ, ಮೀಸಲಾತಿ ಅನುಸರಿಸಿ ಮಾಡುವ ನೇಮಕಾತಿ ಬೇರೆ. ನಿಗದಿತ ಅವಧಿಯ ಗುತ್ತಿಗೆ ಬೇರೆ. ಹೊರಗುತ್ತಿಗೆ ಮತ್ತೂ ಬೇರೆ. ಹೊರಗುತ್ತಿಗೆಯಲ್ಲಿ ನೇಮಿಸುವುದು ಏಜೆನ್ಸಿಯೇ ಹೊರತು ವಿಶ್ವವಿದ್ಯಾಲಯವಲ್ಲ. "ಕೆಲ ವರ್ಷ ಕೆಲಸ ಮಾಡಿದರೆ ತಾನಾಗಿಯೇ ಖಾಯಂ ಆಗುತ್ತದೆ" ಎಂಬ ಮಾತನ್ನು ನಂಬಿ ಬೇರೆ ಅವಕಾಶಗಳ ವಯೋಮಿತಿ ಮೀರಿಸಿಕೊಂಡವರು ಅನೇಕರು. ಕರ್ನಾಟಕದ ನೌಕರರಿಗೇ ಸಂಬಂಧಿಸಿದ ಉಮಾದೇವಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠವು 2006ರಲ್ಲಿ, ನಿಯಮಾನುಸಾರ ಆಯ್ಕೆಯಾಗದ ತಾತ್ಕಾಲಿಕ ನೌಕರರಿಗೆ ಖಾಯಮಾತಿಯ ಹಕ್ಕಿಲ್ಲವೆಂದು ತೀರ್ಪಿತ್ತಿದೆ. ದೀರ್ಘಕಾಲ ನಿರಂತರ ಸೇವೆ ಸಲ್ಲಿಸಿದವರ ಕೋರಿಕೆಯನ್ನು ಈ ತೀರ್ಪಿನ ನೆಪದಲ್ಲಿ ಯಾಂತ್ರಿಕವಾಗಿ ತಳ್ಳಿಹಾಕಲಾಗದೆಂದು 2024ರಲ್ಲಿ ಅದೇ ನ್ಯಾಯಾಲಯವು ಹೇಳಿರುವುದು ನಿಜ. ಆದರೆ ಅದು ವ್ಯಾಜ್ಯ ಹೂಡಿ ಪಡೆಯಬೇಕಾದ ಪರಿಹಾರ. ಅದನ್ನೇ ನೆಚ್ಚಿ ಕೆಲಸಕ್ಕೆ ಸೇರುವುದು ಉಚಿತವಲ್ಲ.

ಮೀಸಲಾತಿ ಕೋರುವವರು ಪ್ರಮಾಣಪತ್ರಗಳನ್ನು ಅರ್ಜಿಯ ಕೊನೆಯ ದಿನಾಂಕದೊಳಗೆ ಪಡೆದಿರಬೇಕೆಂಬುದು ಅಧಿಸೂಚನೆಗಳ ಸಾಮಾನ್ಯ ಷರತ್ತು. ಆಯ್ಕೆಪಟ್ಟಿ ಬಂದ ನಂತರ ತಹಶೀಲ್ದಾರರ ಕಚೇರಿಗೆ ಓಡಿದರೆ ಪ್ರಯೋಜನವಾಗದು. ಗ್ರಾಮೀಣ ಹಾಗೂ ಕನ್ನಡ ಮಾಧ್ಯಮ ಮೀಸಲಾತಿಗೆ 1ರಿಂದ 10ನೇ ತರಗತಿಯವರೆಗಿನ ವ್ಯಾಸಂಗವನ್ನು ಪರಿಗಣಿಸಲಾಗುತ್ತದೆ. ಸಂವಿಧಾನದ 371(ಜೆ) ಅನುಚ್ಛೇದದಂತೆ 2013ರ ಆದೇಶವು ಕಲ್ಯಾಣ ಕರ್ನಾಟಕದ ಸ್ಥಳೀಯ ವೃಂದದಲ್ಲಿ ಗ್ರೂಪ್ 'ಎ' ಮತ್ತು 'ಬಿ' ಹುದ್ದೆಗಳಿಗೆ ಶೇ. 75, 'ಸಿ'ಗೆ ಶೇ. 80, 'ಡಿ'ಗೆ ಶೇ. 85ರಷ್ಟು ಮೀಸಲಾತಿ ಕಲ್ಪಿಸಿದೆ. ಇದರ ಅರ್ಹತಾ ಪ್ರಮಾಣಪತ್ರವನ್ನು ಸಹಾಯಕ ಆಯುಕ್ತರು ನೀಡುತ್ತಾರೆ.

ಕಲಬುರಗಿ ಜಿಲ್ಲೆಯಲ್ಲಿ ಗುಲ್ಬರ್ಗಾ ವಿಶ್ವವಿದ್ಯಾಲಯವಲ್ಲದೆ 2009ರಲ್ಲಿ ಆರಂಭವಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯವೂ ಇರುವುದರಿಂದ ಅಭ್ಯರ್ಥಿಗಳು ಗೊಂದಲಕ್ಕೊಳಗಾಗುವುದುಂಟು. ಎರಡನೆಯದಕ್ಕೆ ಕೇಂದ್ರದ ನಿಯಮಗಳು ಅನ್ವಯಿಸುತ್ತವೆ. ಅಲ್ಲಿ 2ಎ, 3ಬಿ ಮುಂತಾದ ರಾಜ್ಯದ ಪ್ರವರ್ಗಗಳ ಪ್ರಮಾಣಪತ್ರ ನಡೆಯದು. ಹಿಂದುಳಿದ ವರ್ಗದವರು ಕೇಂದ್ರ ಸರ್ಕಾರದ ನಮೂನೆಯಲ್ಲಿ ಪ್ರತ್ಯೇಕವಾಗಿ ಪಡೆಯತಕ್ಕದ್ದು.

ಅಧಿಸೂಚನೆಯಲ್ಲಿ ನಮೂದಿಸಿದ ಶುಲ್ಕದ ಹೊರತು ಯಾರಿಗೂ ಹಣ ನೀಡತಕ್ಕದ್ದಲ್ಲ. ಕೆಲಸ ಕೊಡಿಸುವುದಾಗಿ ಮಧ್ಯವರ್ತಿಗಳು ಹಣ ಕೇಳಿದಲ್ಲಿ ಸಮೀಪದ ಪೊಲೀಸ್ ಠಾಣೆಗೆ ಲಿಖಿತ ದೂರು ಸಲ್ಲಿಸಿ, ಅದರ ಪ್ರತಿಯೊಂದನ್ನು ಸಂಬಂಧಪಟ್ಟ ವಿಶ್ವವಿದ್ಯಾಲಯದ ಕುಲಸಚಿವರಿಗೆ ಕಳುಹಿಸಬಹುದು.