ಮಿಡಿಸೌತೆ ಡಬ್ಬಿ ಸೇರಿದ ಕಥೆ

ನಾವು ಮಾವಿನಮಿಡಿಗೆ ಉಪ್ಪು ಹಾಕಿ ಜಾಡಿಯಲ್ಲಿ ಇಡುತ್ತೇವೆ. ವರ್ಷವಾದರೂ ಅದು ಕೆಡೋದಿಲ್ಲ. ಯಾಕೆ ಗೊತ್ತಾ? ಆಹಾರ ಕೆಡಿಸುವುದು ಕಣ್ಣಿಗೆ ಕಾಣದ ಜೀವಾಣುಗಳು. ಉಪ್ಪು, ಹುಳಿ ಹೆಚ್ಚಿದ್ದರೆ ಅವು ಬೆಳೆಯೋದು ಕಷ್ಟ. ಚೆನ್ನಾಗಿ ಕುದಿಸಿದರೆ ಬಹಳಷ್ಟು ಸಾಯುತ್ತವೆ.

ಫ್ರಾನ್ಸ್ ದೇಶದಲ್ಲಿ ನಿಕೊಲಾ ಅಪೇರ್ ಎಂಬ ಮಿಠಾಯಿ ಮಾಡುವವನಿದ್ದ. ಅವನು ಆಹಾರವನ್ನು ಸೀಸೆಗೆ ತುಂಬಿದ. ಬಿರಡೆ ಬಿಗಿದ. ಸೀಸೆಯನ್ನೇ ಕುದಿಯುವ ನೀರಲ್ಲಿಟ್ಟ. ಆಹಾರ ತಿಂಗಳುಗಟ್ಟಲೆ ಕೆಡಲಿಲ್ಲ. 1810ರಲ್ಲಿ ಇದನ್ನು ಪುಸ್ತಕದಲ್ಲಿ ಬರೆದ. ಮುಂದೆ ತಗಡಿನ ಡಬ್ಬಿಯೂ ಬಂತು.

ಈ ಉದ್ಯಮ ನಮ್ಮ ಹಳ್ಳಿಗಳಿಗೂ ಬಂತು. 1990ರ ದಶಕದ ಆರಂಭದಲ್ಲಿ ಕರ್ನಾಟಕದಲ್ಲಿ ಮಿಡಿಸೌತೆ ಬೆಳೆಯತೊಡಗಿದರು. ತುಮಕೂರು, ಹಾಸನ, ದಾವಣಗೆರೆ, ಹಾವೇರಿ ಕಡೆ ಬಳ್ಳಿ ಹಬ್ಬಿತು. ಇದು ಸುಮಾರು 90 ದಿನದ ಬೆಳೆ. ಕಾರ್ಖಾನೆಯಲ್ಲಿ ಕಾಯಿ ತೊಳೆಯುತ್ತಾರೆ. ಉಪ್ಪುನೀರು ಇಲ್ಲವೇ ಹುಳಿನೀರಿನಲ್ಲಿ ಹಾಕುತ್ತಾರೆ. ಸೀಸೆ, ಡಬ್ಬಿಗೆ ತುಂಬಿ, ಮುಚ್ಚಳ ಬಿಗಿದು ಬಿಸಿ ಮಾಡುತ್ತಾರೆ. ಅಪೇರ್ ಮಾಡಿದ್ದೂ ಇದೇ ಕೆಲಸ! 2020–21ರಲ್ಲಿ ನಮ್ಮ ದೇಶದಿಂದ 2 ಲಕ್ಷ ಟನ್ನಿಗೂ ಹೆಚ್ಚು ಮಿಡಿಸೌತೆ, ಸೌತೆಕಾಯಿ ಹೊರದೇಶಕ್ಕೆ ಹೋಯಿತು.

ಕಾಯಿ ಕೀಳೋದು ಹೆಚ್ಚಾಗಿ ಹೆಂಗಸರೇ. ದಿನಾ ಕೀಳಬೇಕು. ಒಂದು ದಿನ ಬಿಟ್ಟರೆ ಕಾಯಿ ದಪ್ಪಗಾಗುತ್ತದೆ. ದಪ್ಪಗಾದರೆ ದರ ಇಳಿಯುತ್ತದೆ. ಎಳೆಯ ಸಣ್ಣ ಕಾಯಿಗೇ ಒಳ್ಳೆಯ ಬೆಲೆ. ಕೆಜಿಗೆ 160ಕ್ಕಿಂತ ಹೆಚ್ಚು ಕಾಯಿ ತೂಗಿದರೆ ಅದು ಮೇಲಿನ ದರ್ಜೆ.

ಈ ಬೆಳೆ ನಡೆಯೋದು ಕರಾರಿನ ಮೇಲೆ. ಕಂಪನಿ ಬೀಜ, ಗೊಬ್ಬರ, ಔಷಧಿಯನ್ನು ಸಾಲವಾಗಿ ಕೊಡುತ್ತದೆ. ಕಾಯಿಯ ಹಣದಲ್ಲಿ ಅದನ್ನು ಮುರಿದುಕೊಳ್ಳುತ್ತದೆ. ದರ ಮೊದಲೇ ನಿಗದಿಯಾಗಿರುತ್ತದೆ. ಇದು ಅನುಕೂಲವೇ. ಆದರೆ ನಮ್ಮ ಸಂತೆಯಲ್ಲಿ ಈ ಕಾಯಿ ಕೇಳುವವರಿಲ್ಲ. ಕಂಪನಿ ಬೇಡ ಅಂದರೆ ಅದು ದನದ ಪಾಲು. ಸಾಲ ಮಾತ್ರ ನಮ್ಮ ಪಾಲು.

ಆದ್ದರಿಂದ ಅಕ್ಕಂದಿರೇ, ಕರಾರು ಪತ್ರ ಓದೋಣ. ಯಾವ ದರ್ಜೆಗೆ ಎಷ್ಟು ದರ? ಹಣ ಎಷ್ಟು ದಿನಕ್ಕೆ ಬರುತ್ತದೆ? ಬೇಡವೆಂದ ಕಾಯಿಯ ನಷ್ಟ ಯಾರಿಗೆ? ಮೂರನ್ನೂ ಕೇಳೋಣ. ದಿನದಿನದ ತೂಕದ ಚೀಟಿ ಜೋಪಾನ ಮಾಡೋಣ. ಪತ್ರ ಗಂಡನ ಹೆಸರಲ್ಲಿ ಇರಬಹುದು. ಕಾಯಿ ಕೀಳುವ ಕೈ ನಮ್ಮದು ತಾನೇ?

ನಿನ್ನೆ ಹೆಬ್ಬೆಟ್ಟು ಒತ್ತಿದೆವು. ಇಂದು ಒಂದೊಂದು ಸಾಲಿಗೂ ಬೆರಳಿಟ್ಟು ಓದೋಣ. ಆಮೇಲೆ ಸಹಿ ಮಾಡೋಣ.