ಎಡೆದೊರೆ ನಾಡು: ಎರಡು ಹೊಳೆಗಳ ನಡುವಣ ರಾಯಚೂರು

ಮುಂಬಯಿಯಿಂದ ಚೆನ್ನೈಗೆ ರೈಲಿನಲ್ಲಿ ಪಯಣಿಸುವವರು ಯಾದಗಿರಿಯನ್ನು ದಾಟಿದ ಮೇಲೆ ಕೃಷ್ಣಾನದಿಯ ಸೇತುವೆಯನ್ನು ಹಾಯುತ್ತಾರೆ. ಅನಂತರ ರಾಯಚೂರು ನಿಲ್ದಾಣ. ಅಲ್ಲಿಂದ ತುಸು ದೂರದಲ್ಲಿ, ಮಂತ್ರಾಲಯ ರೋಡಿಗೆ ಮುನ್ನ, ತುಂಗಭದ್ರೆಯ ಸೇತುವೆ. ದಕ್ಷಿಣಾಪಥದ ಎರಡು ಮಹಾನದಿಗಳು ಇಷ್ಟು ಸಮೀಪದಲ್ಲಿದ್ದರೂ ಅವುಗಳ ನಡುವೆ ಕಿಟಕಿಯಾಚೆ ಕಾಣುವುದು ಬಹುಮಟ್ಟಿಗೆ ಬಂಡೆಗುಡ್ಡ, ಜಾಲಿ, ಮಳೆಯನ್ನೇ ನಂಬಿದ ಹೊಲ. ಎರಡು ಹೊಳೆಗಳ ನಡುವಣ ನೆಲವೇಕೆ ಬಾಯಾರಿತು? ಈ ಪ್ರಶ್ನೆಗೆ ಉತ್ತರ ಹುಡುಕಹೊರಟರೆ ಆ ಜಿಲ್ಲೆಯ ಭೂಗೋಳವೂ ಇತಿಹಾಸವೂ ಒಟ್ಟಿಗೆ ತೆರೆದುಕೊಳ್ಳುತ್ತವೆ.

ಈ ಪ್ರದೇಶಕ್ಕೆ ಶಾಸನಗಳಲ್ಲಿ ಬರುವ ಹೆಸರು ಎಡೆದೊರೆ. ತೊರೆಗಳ ಎಡೆಯಲ್ಲಿರುವುದು ಎಡೆದೊರೆ. ಪಾರಸಿಯ ‘ದೋಆಬ್’ ಎಂಬ ಮಾತಿಗೆ ನಮ್ಮವರು ಅದಕ್ಕಿಂತ ಎಷ್ಟೋ ಮೊದಲೇ ಇಟ್ಟಿದ್ದ ಅಚ್ಚಗನ್ನಡ ಹೆಸರು. ಎಡೆದೊರೆ ಎರಡು ಸಾಸಿರವು ಕೃಷ್ಣಾ–ತುಂಗಭದ್ರೆಗಳ ನಡುವಣ ಸೀಮೆಯೆಂದು ಫ್ಲೀಟರು ಗುರುತಿಸಿದರು. ಚೋಳ ರಾಜೇಂದ್ರನ ತಮಿಳು ಪ್ರಶಸ್ತಿಯಲ್ಲಿ ಅವನು ಗೆದ್ದ ನಾಡುಗಳ ಸಾಲಿನಲ್ಲಿ ಬರುವ ‘ಇಡೈತುರೈನಾಡು’ ಇದೇ. ಕಾವೇರೀತೀರದ ಎಡತೊರೆಯೊಡನೆ, ಅಂದರೆ ಈಗಿನ ಕೃಷ್ಣರಾಜನಗರದೊಡನೆ, ಇದನ್ನು ಬೆರೆಸಲಾಗದು.

ನೆಲದ ಸ್ವರೂಪವನ್ನು ಮೊದಲು ನೋಡೋಣ. ಜಿಲ್ಲೆಯ ಅಡಿಪಾಯ ಪ್ರಾಚೀನವಾದ ಕಣಶಿಲೆ. ಅದರ ನಡುವೆ ಹಟ್ಟಿ, ಮಸ್ಕಿಗಳ ಕಡೆ ಧಾರವಾಡ ಶಿಲಾವರ್ಗದ ಪಟ್ಟೆಗಳು ಹಾದುಹೋಗಿವೆ, ಚಿನ್ನವಿರುವುದು ಅಲ್ಲಿಯೇ. ಮೇಲೆ ಹರಡಿರುವುದು ಎರಡು ಬಗೆಯ ಮಣ್ಣು. ಒಂದು ಎರೆ, ಇನ್ನೊಂದು ಮಸಾರಿ. ಎರೆಭೂಮಿ ಮಳೆಯ ತೇವವನ್ನು ತಿಂಗಳುಗಟ್ಟಲೆ ಹಿಡಿದಿಟ್ಟುಕೊಳ್ಳುವುದರಿಂದ ಹಿಂಗಾರಿಯಲ್ಲಿ ಬಿಳಿಜೋಳ, ಕಡಲೆ, ಹತ್ತಿ ಬೆಳೆಯುತ್ತವೆ. ಮಸಾರಿಯಲ್ಲಿ ಸಜ್ಜೆ, ಶೇಂಗಾ, ತೊಗರಿ. ವರ್ಷದ ಮಳೆ ಸುಮಾರು 600 ಮಿಲಿಮೀಟರು ಮಾತ್ರ. ಅದೂ ಕಾಲಕ್ಕೆ ಸರಿಯಾಗಿ ಬರುವ ಭರವಸೆಯಿಲ್ಲ.

ನದಿಗಳಾದರೋ ಹೊಲಗಳಿಗಿಂತ ತಗ್ಗಿನಲ್ಲಿ, ಕಲ್ಲುಹಾಸಿನ ಪಾತ್ರದಲ್ಲಿ ಹರಿಯುತ್ತವೆ. ಲಿಂಗಸುಗೂರು ತಾಲೂಕಿನ ಜಲದುರ್ಗದ ಬಳಿ ಕೃಷ್ಣೆ ಬಂಡೆಗಳ ನಡುವೆ ಸೀಳಿಕೊಂಡು ಕೆಳಗಿಳಿಯುವುದನ್ನು ಕಂಡವರಿಗೆ ಈ ಮಾತು ಸ್ಪಷ್ಟವಾಗುತ್ತದೆ. ಗಂಗಾ–ಯಮುನೆಗಳ ನಡುವಣ ಮೆಕ್ಕಲು ಬಯಲಿನೊಡನೆ ಇದನ್ನು ಹೋಲಿಸಿದರೆ ಹೆಸರೊಂದೇ ಸಮಾನ. ಅಲ್ಲಿ ನದಿಯೇ ನೆಲವನ್ನು ಕಟ್ಟಿತು. ಇಲ್ಲಿ ನದಿ ನೆಲವನ್ನು ಕೊರೆದು ಕೆಳಗಿಳಿಯಿತು. ನೀರು ಕಣ್ಣಿಗೆ ಕಾಣುತ್ತಿದ್ದರೂ ಕೈಗೆ ನಿಲುಕದು.

ಆದರೂ ಮಾನವನು ಇಲ್ಲಿ ಬಹು ಹಿಂದೆಯೇ ನೆಲೆಸಿದನು. ಮುದಗಲ್ಲಿನ ಸಮೀಪದ ಪಿಕ್ಲಿಹಾಳದಲ್ಲಿ ಆಲ್ಚಿನ್ನರೂ, 1954ರಲ್ಲಿ ಮಸ್ಕಿಯಲ್ಲಿ ಥಾಪರರೂ ನಡೆಸಿದ ಉತ್ಖನನಗಳು ನವಶಿಲಾಯುಗದ ಪಶುಪಾಲಕರ ಬದುಕನ್ನು ಬೆಳಕಿಗೆ ತಂದವು. 1915ರಲ್ಲಿ ಗಣಿ ಎಂಜಿನಿಯರ್ ಬೀಡನ್ನರು ಮಸ್ಕಿಯ ಬಂಡೆಯೊಂದರ ಮೇಲೆ ಬ್ರಾಹ್ಮೀ ಬರಹವನ್ನು ಕಂಡರು. ಅದೇ ವರ್ಷ ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಓದಿ ಪ್ರಕಟಿಸಿದರು. ಅದುವರೆಗೆ ದೊರೆತಿದ್ದ ಧರ್ಮಶಾಸನಗಳಲ್ಲಿ ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಎಂಬ ಬಿರುದುಗಳು ಮಾತ್ರ ಇದ್ದವು. ಅವು ಅಶೋಕನವೇ ಎಂಬುದನ್ನು ಹೆಸರು ಹಿಡಿದು ಹೇಳಿದ ಮೊದಲ ಸಾಕ್ಷಿ ಮಸ್ಕಿಯದು. ಮುಂದೆ ಬಳ್ಳಾರಿ ಸೀಮೆಯ ನಿಟ್ಟೂರು, ಉಡೇಗೊಳಗಳಲ್ಲಿಯೂ ಆ ಹೆಸರು ದೊರೆಯಿತು. ಮೌರ್ಯರ ಲಕ್ಷ್ಯವು ಇಷ್ಟು ದೂರದ ಸೀಮೆಯ ಮೇಲೆ ಬೀಳಲು ಚಿನ್ನವೂ ಒಂದು ಕಾರಣವಾಗಿದ್ದಿರಬಹುದು. ಹಟ್ಟಿಯಲ್ಲಿ ಪ್ರಾಚೀನರು ಆರುನೂರು ಅಡಿಗಳಷ್ಟು ಆಳಕ್ಕೆ ಇಳಿದು ಅದಿರನ್ನು ತೆಗೆದ ಕುರುಹುಗಳು ಆಧುನಿಕ ಗಣಿಗಾರರಿಗೆ ಸಿಕ್ಕಿವೆ.

ಮಧ್ಯಯುಗದಲ್ಲಿ ಎಡೆದೊರೆ ಗಡಿನಾಡಾಯಿತು. ಚಾಳುಕ್ಯರು ಮತ್ತು ಚೋಳರು, ಬಹಮನಿಗಳು ಮತ್ತು ವಿಜಯನಗರದವರು, ಆಮೇಲೆ ಬಿಜಾಪುರದವರು, ಎಲ್ಲರೂ ಇದಕ್ಕಾಗಿ ಹೊಡೆದಾಡಿದರು. ರಾಯಚೂರು ಕೋಟೆಯನ್ನು 1294ರಲ್ಲಿ ಕಾಕತೀಯ ರುದ್ರಮಾಂಬೆಯ ಕಾಲದ ಸಾಮಂತ ಗೋನ ಗನ್ನಯ ರೆಡ್ಡಿಯ ದಂಡನಾಯಕ ವಿಠ್ಠಲನಾಥನು ಕಟ್ಟಿಸಿದನು. ಈ ಸಂಗತಿಯನ್ನು ಹೇಳುವ ತೆಲುಗು ಶಾಸನವಿರುವ ಕಲ್ಲು ನಾಲ್ವತ್ತು ಅಡಿಗೂ ಹೆಚ್ಚು ಉದ್ದವಾದುದು. ಆ ಕಲ್ಲನ್ನು ಬಂಡಿಯ ಮೇಲೆ ಎಳೆದು ತಂದ ಬಗೆಯೂ ಗೋಡೆಯ ಮೇಲೆ ರೇಖಾಚಿತ್ರವಾಗಿ ಕಂಡರಿಸಲ್ಪಟ್ಟಿದೆ. ಅರಸರ ಹೆಸರು ಉಳಿಯುವುದು ಸಾಮಾನ್ಯ; ಕಲ್ಲೆಳೆದವರ ಶ್ರಮವೂ ಇಲ್ಲಿ ಉಳಿದಿದೆ. 1520ರಲ್ಲಿ ಕೃಷ್ಣದೇವರಾಯನು ಇಸ್ಮಾಯಿಲ್ ಆದಿಲಶಾಹನನ್ನು ಸೋಲಿಸಿ ಈ ಕೋಟೆಯನ್ನು ಗೆದ್ದನು. ಮುತ್ತಿಗೆಯಲ್ಲಿ ಪೋರ್ಚುಗೀಜ ಕೋವಿಕಾರರ ನೆರವಿತ್ತೆಂದು ನೂನಿಜನು ಬರೆದಿದ್ದಾನೆ. 1565ರ ಯುದ್ಧದ ತರುವಾಯ ನಾಡು ಬಿಜಾಪುರಕ್ಕೆ, ಮುಂದೆ ಮೊಗಲರಿಗೆ, ಅನಂತರ ನಿಜಾಮರಿಗೆ ಸಂದಿತು. 1853ರಲ್ಲಿ ಸೈನ್ಯದ ವೆಚ್ಚದ ಬಾಬ್ತಿಗೆ ಇದು ಇಂಗ್ಲಿಷರ ವಶಕ್ಕೆ ಹೋಗಿ 1860ರಲ್ಲಿ ಹಿಂದಿರುಗಿತು. 1871ರಲ್ಲಿ ಮುಂಬಯಿಯ ರೈಲುದಾರಿಯೂ ಮದರಾಸಿನ ರೈಲುದಾರಿಯೂ ರಾಯಚೂರಿನಲ್ಲಿ ಕೂಡಿದುವು.

ಕೋಟೆಗಳ ಕಥೆಯಷ್ಟೇ ಈ ನಾಡಿನ ಕಥೆಯಲ್ಲ. ಮೊಸರಕಲ್ಲಿನ ಗೋಪಾಲದಾಸರು, ಬ್ಯಾಗವಾಟದಲ್ಲಿ ಹುಟ್ಟಿ ಮಾನ್ವಿಯಲ್ಲಿ ನೆಲೆಸಿದ ‘ಹರಿಕಥಾಮೃತಸಾರ’ದ ಜಗನ್ನಾಥದಾಸರು ಇಲ್ಲಿಯವರು. ಮುದಗಲ್ಲಿನ ಮೊಹರಮ್ಮಿಗೆ ಎಲ್ಲ ಮತದವರೂ ಸೇರುತ್ತಾರೆ. ಅಲಾವಿ ಕುಣಿತದ ಹಾಡುಗಳು ಕನ್ನಡದಲ್ಲಿಯೇ ಇವೆ.

ಇಷ್ಟು ರಾಜ್ಯಗಳು ಬಯಸಿದ ನೆಲಕ್ಕೆ ನೀರನ್ನು ಏರಿಸಿದವರು ಯಾರು? ವಿಜಯನಗರದ ಕಾಲುವೆಗಳು ಗಂಗಾವತಿಯ ಕಡೆ ಹೊಳೆಯಂಚಿನ ಕಿರಿದಾದ ಪಟ್ಟಿಯನ್ನು ಮಾತ್ರ ತೋಯಿಸಿದವು. ಒಳನಾಡು 1876–78ರ ಬರಕ್ಕೆ ಬಲಿಯಾಯಿತು. 1945ರಲ್ಲಿ ಹೈದರಾಬಾದು ಮತ್ತು ಮದರಾಸು ಸರಕಾರಗಳು ಕೂಡಿ ಅಡಿಗಲ್ಲಿಟ್ಟ ತುಂಗಭದ್ರಾ ಅಣೆಕಟ್ಟಿನಲ್ಲಿ 1953ರಲ್ಲಿ ನೀರು ನಿಂತಾಗಲೇ ಪರಿಸ್ಥಿತಿ ಬದಲಾದುದು. 227 ಕಿಲೋಮೀಟರು ಉದ್ದದ ಎಡದಂಡೆ ಕಾಲುವೆ ಸಿಂಧನೂರು, ಮಾನ್ವಿಗಳನ್ನು ದಾಟಿ ರಾಯಚೂರಿನತ್ತ ಸಾಗುತ್ತದೆ. ಮುಂದೆ ನಾರಾಯಣಪುರದ ಬಲದಂಡೆ ಕಾಲುವೆ ಲಿಂಗಸುಗೂರು, ದೇವದುರ್ಗಗಳಿಗೆ ಕೃಷ್ಣೆಯ ನೀರನ್ನು ತಂದಿತು.

ನೀರಿನ ಜತೆಗೆ ಹೊಸ ಜನರೂ ಬಂದರು. ಕರಾವಳಿ ಆಂಧ್ರದಿಂದ ಬಂದ ಭತ್ತದ ರೈತರ ವಸತಿಗಳು ‘ಕ್ಯಾಂಪು’ಗಳೆಂದು ಹೆಸರಾದುವು, ಸಿಂಧನೂರಿನ ಬಳಿ ಪೂರ್ವ ಬಂಗಾಳದ ನಿರಾಶ್ರಿತರಿಗೂ ನೆಲೆ ದೊರಕಿತು. ಯೋಜನೆ ಉದ್ದೇಶಿಸಿದ್ದು ಹೆಚ್ಚಾಗಿ ಹಗುರ ನೀರಾವರಿಯನ್ನು. ಜೋಳ, ಹತ್ತಿಗಳಿಗೆ ಆಗಾಗ ಕೊಡುವ ನೀರನ್ನು. ಆದರೆ ಮೇಲ್ಭಾಗದಲ್ಲಿ ಭತ್ತವೇ ಹಬ್ಬಿತು. ಅಲ್ಲಿ ನೀರು ನಿಂತು ನೆಲ ಸವಳಾಯಿತು. ಕೆಳಭಾಗದ ಮಾನ್ವಿ, ರಾಯಚೂರುಗಳ ರೈತನು ಬತ್ತಿದ ಕಾಲುವೆಯನ್ನು ನೋಡುತ್ತ ನಿಂತನು. ಒಂದೇ ಕಾಲುವೆ ಒಬ್ಬನಿಗೆ ಅತಿವೃಷ್ಟಿಯನ್ನೂ ಇನ್ನೊಬ್ಬನಿಗೆ ಅನಾವೃಷ್ಟಿಯನ್ನೂ ತಂದಂತಾಯಿತು. ಇತ್ತ ಜಲಾಶಯದಲ್ಲಿ ಹೂಳು ತುಂಬಿ, ಮೊದಲಿನ ಸುಮಾರು 133 ಟಿ.ಎಂ.ಸಿ. ಸಾಮರ್ಥ್ಯವು ಸುಮಾರು 105ಕ್ಕೆ ಇಳಿಯಿತು. 2024ರ ಆಗಸ್ಟಿನಲ್ಲಿ 19ನೆಯ ಕ್ರೆಸ್ಟ್ ಗೇಟು ಕೊಚ್ಚಿಹೋದಾಗ ಇಡೀ ಬಯಲು ಉಸಿರು ಬಿಗಿಹಿಡಿದು ಕಾದುದು ಈ ಕಾರಣದಿಂದಲೇ.

ಗಡಿಗಳ ಮಾತನ್ನೂ ಇಲ್ಲಿ ಹೇಳಬೇಕು. 1956ರ ನವೆಂಬರ್ 1ರಂದು ರಾಯಚೂರು ಕನ್ನಡ ರಾಜ್ಯದಲ್ಲಿ ಸೇರಿತು. ಆದರೆ ಪೂರ್ವದ ಗದ್ವಾಲ, ಆಲಂಪುರ ತಾಲೂಕುಗಳು ಆಂಧ್ರಕ್ಕೆ ಹೋದುವು, ಈಗ ತೆಲಂಗಾಣದಲ್ಲಿವೆ. 1997ರಲ್ಲಿ ಪಶ್ಚಿಮದ ಕೊಪ್ಪಳ ಬೇರೆ ಜಿಲ್ಲೆಯಾಯಿತು. ಹೀಗೆ ನದಿಗಳು ಒಂದಾಗಿ ಕಟ್ಟಿದ ಎಡೆದೊರೆ ಇಂದು ಮೂರು ಆಡಳಿತಗಳಲ್ಲಿ ಹಂಚಿಕೊಂಡಿದೆ. ಪ್ರದೇಶದ ಹಿಂದುಳಿದಿರುವಿಕೆಯನ್ನು ಮನಗಂಡು ಸಂವಿಧಾನಕ್ಕೆ 371-ಜೆ ವಿಧಿಯನ್ನು ಸೇರಿಸಿದುದು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಕಳೆದ ಮೇಲೆ, 98ನೆಯ ತಿದ್ದುಪಡಿಯ ಮೂಲಕ.

ಮಳೆ ತಪ್ಪಿದ ವರ್ಷ ಈ ನಾಡಿನ ಬಡವರು ಗುಳೆ ಹೋಗುತ್ತಾರೆ. ಬೆಂಗಳೂರಿಗೆ, ಹೈದರಾಬಾದಿಗೆ, ಪುಣೆಗೆ, ಮುಂಬಯಿಗೆ. ನಮ್ಮ ನಗರಗಳಲ್ಲಿ ಏಳುತ್ತಿರುವ ಕಟ್ಟಡಗಳ ಬುಡದಲ್ಲಿ, ತಗಡಿನ ಗುಡಿಸಲ ಮುಂದೆ ಜೋಳದ ರೊಟ್ಟಿ ಬಡಿಯುವ ಸಪ್ಪಳ ಕೇಳಿದರೆ ಅದು ಎಡೆದೊರೆಯದಾಗಿರಲು ಸಾಕು. ಮಸ್ಕಿಯ ಬಂಡೆಯನ್ನು ಬಲ್ಲ ನಾವು ಮಸ್ಕಿಯ ಮನುಷ್ಯನನ್ನೂ ಬಲ್ಲೆವೆ? ಕೋಟೆಯ ಗೋಡೆ ಕಲ್ಲೆಳೆದವರನ್ನು ಏಳು ಶತಮಾನ ನೆನಪಿನಲ್ಲಿಟ್ಟಿದೆ. ಇಂದು ಕಲ್ಲು ಹೊರುತ್ತಿರುವ ನಾಡವರೊಡನೆ ಅವರದೇ ನುಡಿಯಲ್ಲಿ ನಾಲ್ಕು ಮಾತಾಡುವುದು ಹೊರನಾಡಿನಲ್ಲಿರುವ ನಮಗೆ ಅಸಾಧ್ಯವಾದ ಕೆಲಸವೇನೂ ಅಲ್ಲ.