ಮಗುವಿನ ಮನೆಮಾತು ಮತ್ತು ವಿಶೇಷ ಶಿಕ್ಷಣ: ಹೈದರಾಬಾದಿನ ಪ್ರಾಥಮಿಕ ಶಾಲೆಗಳ ಸಂದರ್ಭದಲ್ಲಿ

ಹೈದರಾಬಾದ್ ಹಲವು ಭಾಷೆಗಳ ಸಂಗಮಸ್ಥಾನವೆಂಬುದು ಹೊಸದಾಗಿ ಹೇಳಬೇಕಾದ ಮಾತಲ್ಲ. ನಿಜಾಮರ ಆಳ್ವಿಕೆಯಲ್ಲಿ ಕಲಬುರಗಿ, ರಾಯಚೂರು, ಬೀದರ್ ಜಿಲ್ಲೆಗಳು ಈ ಸಂಸ್ಥಾನದ ಭಾಗವಾಗಿದ್ದವು. 1956ರ ರಾಜ್ಯ ಪುನರ್ವಿಂಗಡಣೆಯ ಅನಂತರವೂ ಆ ಭಾಗದಿಂದ ವಿದ್ಯೆಗೆಂದು, ಉದ್ಯೋಗಕ್ಕೆಂದು, ಕಟ್ಟಡದ ಕೂಲಿಗೆಂದು ಇಲ್ಲಿಗೆ ಬರುವವರು ಕಡಿಮೆಯಾಗಿಲ್ಲ. ಈ ನಗರದ ಕನ್ನಡವನ್ನು ಕುರಿತು ಬರೆಯುವಾಗ ನಾವು ಸಾಹಿತ್ಯ ಸಂಘಗಳನ್ನೋ ಶಾಸನಗಳನ್ನೋ ಅನುವಾದಗಳನ್ನೋ ಎತ್ತಿಕೊಳ್ಳುವುದು ವಾಡಿಕೆ. ಪ್ರಾಥಮಿಕ ಶಾಲೆಯ ಕೊನೆಯ ಸಾಲಿನಲ್ಲಿ ಪಾಠ ಹತ್ತದೆ ಕುಳಿತ ಮಗುವಿನ ಕನ್ನಡ ನಮ್ಮ ಅಧ್ಯಯನದ ವಸ್ತುವಾದದ್ದು ಅಪರೂಪ. ಆ ಮಗುವಿಗೆ ಸಲ್ಲಬೇಕಾದ ವಿಶೇಷ ಶಿಕ್ಷಣವನ್ನು ಸುಧಾರಿಸುವ ಪ್ರಶ್ನೆ ಹಣ, ಕಟ್ಟಡ, ಸಿಬ್ಬಂದಿಗಳ ಪ್ರಶ್ನೆಯಾಗಿರುವಂತೆಯೇ ಭಾಷೆಯ ಪ್ರಶ್ನೆಯೂ ಆಗಿದೆ ಎಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ.

ಹಿನ್ನೆಲೆ

ವಿಕಲಚೇತನ ಮಕ್ಕಳನ್ನು ಸಾಧ್ಯವಾದಷ್ಟೂ ಸಾಮಾನ್ಯ ಶಾಲೆಗಳಲ್ಲಿಯೇ ಓದಿಸಬೇಕೆಂಬ ವಿಚಾರವನ್ನು 1964–66ರ ಕೊಠಾರಿ ಆಯೋಗವು ಮುಂದಿಟ್ಟಿತು. 1974ರಲ್ಲಿ ಕೇಂದ್ರ ಸರ್ಕಾರವು ಅಂಗವಿಕಲ ಮಕ್ಕಳ ಸಮನ್ವಯ ಶಿಕ್ಷಣದ ಯೋಜನೆಯನ್ನು ಆರಂಭಿಸಿತು. 1986ರ ರಾಷ್ಟ್ರೀಯ ಶಿಕ್ಷಣ ನೀತಿಯು ಅದೇ ನಿಲುವನ್ನು ಎತ್ತಿಹಿಡಿಯಿತು. ವಿಶೇಷ ಶಿಕ್ಷಕರ ತರಬೇತಿಗೆ ಒಂದು ಶಿಸ್ತು ಬಂದದ್ದು 1992ರ ಭಾರತೀಯ ಪುನರ್ವಸತಿ ಪರಿಷತ್ತಿನ ಕಾಯಿದೆಯಿಂದ. 1995ರ ಕಾಯಿದೆಯು ಹದಿನೆಂಟು ವರ್ಷದವರೆಗೆ ಉಚಿತ ಶಿಕ್ಷಣದ ಹೊಣೆಯನ್ನು ಸರ್ಕಾರಗಳ ಮೇಲೆ ಹೊರಿಸಿತಾದರೂ ಅದು ಗುರುತಿಸಿದ್ದು ಏಳು ಬಗೆಯ ವೈಕಲ್ಯಗಳನ್ನು ಮಾತ್ರ. ಕಲಿಕಾ ನ್ಯೂನತೆ ಅವುಗಳಲ್ಲಿ ಇರಲಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯು ಈ ಪಟ್ಟಿಯನ್ನು ಇಪ್ಪತ್ತೊಂದಕ್ಕೆ ಹಿಗ್ಗಿಸಿತು. ಕಣ್ಣು, ಕಿವಿ, ಕೈಕಾಲು ಎಲ್ಲವೂ ನೆಟ್ಟಗಿದ್ದು, ಬುದ್ಧಿಯೂ ಚುರುಕಾಗಿದ್ದು, ಅಕ್ಷರ ಮಾತ್ರ ಒಲಿಯದ ಮಗುವಿಗೆ ಕಾನೂನಿನಲ್ಲಿ ಒಂದು ಸ್ಥಾನ ದೊರೆತದ್ದು ಹೀಗೆ.

ಈ ಇತಿಹಾಸದಲ್ಲಿ ಹೈದರಾಬಾದಿನ ಪಾತ್ರ ಗಣನೀಯವಾದದ್ದು. ಬುದ್ಧಿಮಾಂದ್ಯ ಮಕ್ಕಳಿಗಾಗಿ ಠಾಕೂರ್ ಹರಿಪ್ರಸಾದ್ ಸಂಸ್ಥೆ ಇಲ್ಲಿ 1968ರಲ್ಲಿಯೇ ತಲೆಯೆತ್ತಿತು. 1984ರಲ್ಲಿ ಸಿಕಂದರಾಬಾದಿನ ಮನೋವಿಕಾಸ ನಗರದಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಬುದ್ಧಿಮಾಂದ್ಯರ ಸಂಸ್ಥೆ ಇಂದು ಬೌದ್ಧಿಕ ವಿಕಲಚೇತನರ ಸಬಲೀಕರಣದ ರಾಷ್ಟ್ರೀಯ ಸಂಸ್ಥೆ ಎಂಬ ಹೆಸರಿನಿಂದ ಮುಂದುವರಿದಿದೆ. ದೇಶದ ವಿಶೇಷ ಶಿಕ್ಷಕರು ಬಳಸುವ ಹಲವು ಪರೀಕ್ಷಣ ಸಾಧನಗಳು, ಕೈಪಿಡಿಗಳು ರೂಪುಗೊಂಡದ್ದು ಅಲ್ಲಿ. ದೇಶಕ್ಕೆ ಈ ವಿದ್ಯೆಯನ್ನು ಹಂಚಿದ ಊರಿನ ಸಾಮಾನ್ಯ ಪ್ರಾಥಮಿಕ ಶಾಲೆಗೆ ಅದು ಎಷ್ಟರಮಟ್ಟಿಗೆ ಇಳಿದುಬಂದಿದೆ ಎಂಬುದೇ ವಿಚಾರಣೀಯ.

ಇಂದಿನ ವ್ಯವಸ್ಥೆ

ತೆಲಂಗಾಣದಲ್ಲಿ ಸರ್ಕಾರಿ ಶಾಲೆಗಳ ಮಟ್ಟದ ವಿಶೇಷ ಶಿಕ್ಷಣವು ಸಮಗ್ರ ಶಿಕ್ಷಾ ಯೋಜನೆಯ ಅಡಿಯಲ್ಲಿ ನಡೆಯುತ್ತಿದೆ. ಮಂಡಲ ಮಟ್ಟದಲ್ಲಿ 'ಭವಿತ' ಎಂಬ ಹೆಸರಿನ ಕೇಂದ್ರಗಳಿವೆ. ಅಲ್ಲಿ ತರಬೇತಿ ಪಡೆದ ಸಂಪನ್ಮೂಲ ವ್ಯಕ್ತಿಗಳು ಮಕ್ಕಳಿಗೆ ಪಾಠ ಹೇಳುತ್ತಾರೆ; ಸುತ್ತಣ ಶಾಲೆಗಳಿಗೆ ಹೋಗಿಬರುತ್ತಾರೆ; ಹಾಸಿಗೆ ಬಿಟ್ಟೇಳಲಾಗದ ಮಕ್ಕಳಿಗೆ ಮನೆಯಲ್ಲಿಯೇ ಕಲಿಸುತ್ತಾರೆ. ಫಿಜಿಯೋಥೆರಪಿಯ ಸೇವೆಯೂ ಅಲ್ಲಿಯೇ ದೊರೆಯುತ್ತದೆ. ಯೋಜನೆ ಒಳ್ಳೆಯದು. ಆದರೆ ಹಲವು ಶಾಲೆಗಳ ಭಾರ ಹೊತ್ತ ಒಬ್ಬ ಸಂಚಾರಿ ಶಿಕ್ಷಕನು ಒಂದು ಮಗುವಿನ ಪಕ್ಕದಲ್ಲಿ ಕಳೆಯಬಹುದಾದ ಸಮಯ ಅತ್ಯಲ್ಪ. ಸರ್ವೋಚ್ಚ ನ್ಯಾಯಾಲಯವು 2021ರ ಅಕ್ಟೋಬರ್ 28ರ ತೀರ್ಪಿನಲ್ಲಿ ಪ್ರಾಥಮಿಕ ಹಂತದಲ್ಲಿ ಹತ್ತು ವಿಶೇಷ ಅಗತ್ಯದ ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕ, ಮೇಲಿನ ಹಂತಗಳಲ್ಲಿ ಹದಿನೈದು ಮಕ್ಕಳಿಗೆ ಒಬ್ಬ ಎಂಬ ಪ್ರಮಾಣವನ್ನು ಸೂಚಿಸಿತು. ಈ ಹುದ್ದೆಗಳನ್ನು ಅಧಿಸೂಚಿಸಬೇಕೆಂದು 2025ರಲ್ಲಿ ರಾಜ್ಯಗಳಿಗೆ ಮತ್ತೆ ಆದೇಶಿಸಬೇಕಾಗಿ ಬಂದುದೇ ಕೊರತೆಯ ಪ್ರಮಾಣವನ್ನು ಹೇಳುತ್ತದೆ.

ಹುದ್ದೆಗಳೆಲ್ಲ ಭರ್ತಿಯಾದವೆಂದೇ ಇಟ್ಟುಕೊಳ್ಳೋಣ. ಆಗಲೂ ಒಂದು ತೊಡಕು ಉಳಿಯುತ್ತದೆ. ಯಾವ ಮಗುವಿಗೆ ಯಾವ ನೆರವು ಬೇಕು ಎಂಬುದನ್ನು ಯಾವ ಭಾಷೆಯಲ್ಲಿ ಕೇಳಿ ತಿಳಿಯಬೇಕು?

ಗುರುತಿಸುವಿಕೆಯ ತೊಡಕು

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಯಾದಗಿರಿ ಜಿಲ್ಲೆಯಿಂದ ಗಾರೆ ಕೆಲಸಕ್ಕೆ ಬಂದ ದಂಪತಿಗಳ ಮಗಳು ನಗರದ ಶಾಲೆಯೊಂದರಲ್ಲಿ ಎರಡನೆಯ ತರಗತಿಯಲ್ಲಿದ್ದಾಳೆ. ಮನೆಯಲ್ಲಿ ಕನ್ನಡ, ಅದೂ 'ಅಪ್ಪ ಬಂದಾನ, ಅವ್ವ ಹೋಗ್ಯಾಳ' ಎನ್ನುವ ಕನ್ನಡ. ಓಣಿಯಲ್ಲಿ ದಖನಿ ಉರ್ದು ಮತ್ತು ತೆಲುಗು. ಶಾಲೆಯಲ್ಲಿ ತೆಲುಗು ಕಡ್ಡಾಯ ವಿಷಯ. 2022–23ರಿಂದ ಸರ್ಕಾರಿ ಶಾಲೆಗಳಿಗೆ ಇಂಗ್ಲಿಷ್ ಮಾಧ್ಯಮವೂ ಬಂದಿದೆ. ಪ್ರಶ್ನೆ ಕೇಳಿದರೆ ಮಗು ಸುಮ್ಮನಿರುತ್ತದೆ. ಹಲಗೆಯ ಮೇಲಿನದನ್ನು ನಕಲು ಮಾಡುತ್ತದೆ, ಓದಲಾರದು.

ಈ ಮೌನಕ್ಕೆ ಕಾರಣಗಳು ಅನೇಕವಿರಬಹುದು. ಮಗುವಿಗೆ ಕಿವಿ ಮಂದವಿರಬಹುದು. ಬೌದ್ಧಿಕ ವೈಕಲ್ಯವಿರಬಹುದು. ಕಲಿಕಾ ನ್ಯೂನತೆಯಿರಬಹುದು. ಅಥವಾ ಶಾಲೆಯ ಮಾತು ಅರ್ಥವಾಗದಿರುವುದೊಂದೇ ಕಾರಣವಿರಬಹುದು. ಇಲ್ಲಿ ಎರಡು ಬಗೆಯ ಅನ್ಯಾಯಗಳು ಸಂಭವಿಸುತ್ತವೆ. ಭಾಷೆ ತಿಳಿಯದ ಮಗುವಿಗೆ 'ಮಂದಬುದ್ಧಿ' ಎಂಬ ಹಣೆಪಟ್ಟಿ ಅಂಟುವುದು ಮೊದಲನೆಯದು. ಎರಡನೆಯದು ಇದಕ್ಕಿಂತ ಸೂಕ್ಷ್ಮವಾದದ್ದು: ನಿಜವಾಗಿಯೂ ಶ್ರವಣದೋಷವೋ ಕಲಿಕಾ ನ್ಯೂನತೆಯೋ ಇರುವ ಮಗುವನ್ನು 'ಭಾಷೆ ಬಾರದು, ತಾನಾಗಿ ಕಲಿಯುತ್ತದೆ' ಎಂದು ಮೂರು ನಾಲ್ಕು ವರ್ಷ ಹಾಗೆಯೇ ಬಿಟ್ಟುಬಿಡುವುದು. ಮೊದಲಿನದು ಮಗುವಿನ ಮಾನವನ್ನು ಕಳೆದರೆ ಎರಡನೆಯದು ಮರಳಿ ಬಾರದ ಕಾಲವನ್ನು ಕಳೆಯುತ್ತದೆ.

ಇವೆರಡರ ನಡುವೆ ಭೇದ ಕಾಣಿಸುವ ಮುಖ್ಯ ಸೂತ್ರವೊಂದಿದೆ. ತೊಂದರೆ ಶಾಲೆಯ ಭಾಷೆಯಲ್ಲಿ ಮಾತ್ರ ಇದ್ದರೆ ಅದು ಬಹುಮಟ್ಟಿಗೆ ಭಾಷಾ ಪರಿಚಯದ ಕೊರತೆ. ಮನೆಮಾತಿನಲ್ಲಿಯೂ ಇದ್ದರೆ ಅದನ್ನು ವೈಕಲ್ಯದ ಸೂಚನೆಯೆಂದು ಪರಿಗಣಿಸಿ ತಜ್ಞರಿಗೆ ತೋರಿಸಬೇಕು. ಅಜ್ಜಿ ಹೇಳಿದ ಕಥೆಯನ್ನು ತನ್ನ ಕನ್ನಡದಲ್ಲಿ ಕ್ರಮ ತಪ್ಪದೆ ಹೇಳಬಲ್ಲ ಮಗುವಿನ ಬುದ್ಧಿಯನ್ನು ಶಂಕಿಸಲು ಕಾರಣವಿಲ್ಲ. ಇದನ್ನು ತಿಳಿಯಬೇಕಾದರೆ ಆ ಕನ್ನಡವನ್ನು ಕೇಳಿ ಅರ್ಥಮಾಡಿಕೊಳ್ಳುವವರೊಬ್ಬರು ಪರೀಕ್ಷೆಯ ವೇಳೆ ಜೊತೆಗಿರಬೇಕು.

ಕನ್ನಡ ಲಿಪಿ ಮತ್ತು ಓದಿನ ಗತಿ

ಇಲ್ಲಿ ಭಾಷಾಶಾಸ್ತ್ರದ ವಿದ್ಯಾರ್ಥಿಗಳು ಗಮನಿಸಬೇಕಾದ ಅಂಶಗಳಿವೆ. ಓದಿನ ತೊಂದರೆಗಳ ಶಾಸ್ತ್ರ ಬಹುಪಾಲು ಇಂಗ್ಲಿಷನ್ನು ಆಧರಿಸಿ ಬೆಳೆದದ್ದು. ಕನ್ನಡದ ಬರಹವು ಉಚ್ಚಾರಣೆಗೆ ಹತ್ತಿರವಿರುವುದರಿಂದ ನಮ್ಮ ಮಕ್ಕಳಿಗೆ ಇಂತಹ ತೊಂದರೆ ಬಾರದು ಎಂಬ ಭಾವನೆಯೂ ಕೆಲವರಲ್ಲಿದೆ. ಅದು ಸರಿಯಲ್ಲವೆಂಬುದನ್ನು ಎಸ್. ರಮಾ, ಟಿ. ಆರ್. ಮೈಲ್ಸ್ ಮತ್ತು ಲಲಿತಮ್ಮ ಅವರು ಕನ್ನಡ ಓದುವ ಮಕ್ಕಳ ಡಿಸ್ಲೆಕ್ಸಿಯಾ ಕುರಿತು 1993ರಲ್ಲಿ ಪ್ರಕಟಿಸಿದ ಅಧ್ಯಯನವು ತೋರಿಸಿತು. ಸೊನಾಲಿ ನಾಗ್ ಅವರ 2007ರ ಅಧ್ಯಯನವು ಇನ್ನೊಂದು ಮುಖ್ಯ ಸಂಗತಿಯನ್ನು ಹೊರಗೆಡಹಿತು: ಇಂಗ್ಲಿಷಿನ ಇಪ್ಪತ್ತಾರು ಅಕ್ಷರಗಳಿಗೆ ಹೋಲಿಸಿದರೆ ಕನ್ನಡದ ಅಕ್ಷರ ಸಮೂಹವನ್ನು ಪೂರ್ಣವಾಗಿ ವಶಮಾಡಿಕೊಳ್ಳಲು ಮಗುವಿಗೆ ಹಲವು ವರ್ಷಗಳು ಬೇಕು; ಈ ಕಲಿಕೆ ಮೂರು, ನಾಲ್ಕನೆಯ ತರಗತಿಯವರೆಗೂ ನಡೆದಿರುತ್ತದೆ.

ಕಾರಣ ಸ್ಪಷ್ಟವಾಗಿಯೇ ಇದೆ. ವರ್ಣಮಾಲೆ ಮುಗಿದೊಡನೆ ಕಾಗುಣಿತ ಬರುತ್ತದೆ, ಅನಂತರ ಒತ್ತಕ್ಷರ. ತ, ನ, ಮ, ಯ, ರ, ಲಗಳ ಒತ್ತುಗಳಿಗೆ ಮೂಲಾಕ್ಷರದ ಹೋಲಿಕೆಯಿಲ್ಲ. 'ಸೂರ್ಯ' ಎಂಬಲ್ಲಿ ನಾಲಗೆ ಮೊದಲು ನುಡಿಯುವ ರೇಫವನ್ನು ಕೈ ಕೊನೆಗೆ ಬರೆಯುತ್ತದೆ. ಅರ್ಕಾವೊತ್ತಿನ ಈ ವಿಪರ್ಯಾಸವನ್ನು ಮಗು ತಪ್ಪಿದರೆ ಅದನ್ನು ಅಕ್ಷರ ಪಲ್ಲಟದ ರೋಗವೆಂದು ಎಣಿಸಬೇಕಾಗಿಲ್ಲ. 'ದನ'ಕ್ಕೂ 'ಧನ'ಕ್ಕೂ ಆಡುಮಾತಿನಲ್ಲಿ ಭೇದ ಕೇಳದ ಮಗು ಮಹಾಪ್ರಾಣವನ್ನು ಬಿಟ್ಟು ಬರೆದರೆ ಅದು ಮನೆಮಾತಿನ ಪ್ರಭಾವ. ತೆಲುಗನ್ನೂ ಕನ್ನಡವನ್ನೂ ಕಲಿಯುವ ಮಗು ಒಂದರ ತಲೆಕಟ್ಟನ್ನು ಇನ್ನೊಂದಕ್ಕೆ ಹಾಕಿದರೆ ಅದಕ್ಕೆ ಒಂದೇ ಮೂಲದ ಎರಡು ಲಿಪಿಗಳ ಸಾಮೀಪ್ಯವೇ ಕಾರಣ. ಆದರೆ ಮೂರನೆಯ ತರಗತಿಗೆ ಬಂದ ಮೇಲೂ ಮೂಲಾಕ್ಷರಗಳೇ ನೆನಪಿನಲ್ಲಿ ನಿಲ್ಲದಿದ್ದರೆ, ನಿನ್ನೆ ಓದಿದ ಪದವನ್ನು ಇಂದು ಹೊಸದೆಂಬಂತೆ ತಡವರಿಸಿದರೆ, ಅದನ್ನು ಕಡೆಗಣಿಸಲಾಗದು. ಸಹಜ ತಪ್ಪನ್ನೂ ಸೂಚಕ ತಪ್ಪನ್ನೂ ಬೇರ್ಪಡಿಸುವ ಈ ವಿವೇಕವು ಭಾಷೆಯ ರಚನೆಯನ್ನು ಬಲ್ಲವರಿಂದಲೇ ಶಿಕ್ಷಕರಿಗೆ ದೊರೆಯಬೇಕು.

ಸಾಧನಗಳು ಇಲ್ಲವೆಂದಲ್ಲ. ರಾಷ್ಟ್ರೀಯ ಮಿದುಳು ಸಂಶೋಧನ ಕೇಂದ್ರವು 2015ರಲ್ಲಿ ಹೊರತಂದ 'ಡಾಲಿ' ಎಂಬ ಡಿಸ್ಲೆಕ್ಸಿಯಾ ಪರೀಕ್ಷಣ ಸಾಧನವು ಆರಂಭದಲ್ಲಿಯೇ ಹಿಂದಿ, ಮರಾಠಿ, ಇಂಗ್ಲಿಷುಗಳ ಜೊತೆಗೆ ಕನ್ನಡದಲ್ಲಿಯೂ ಸಿದ್ಧವಾಯಿತು. ಒಂದು–ಎರಡನೆಯ ತರಗತಿಗಳಿಗೂ ಮೂರರಿಂದ ಐದನೆಯ ತರಗತಿಗಳಿಗೂ ಶಿಕ್ಷಕರೇ ತುಂಬಬಹುದಾದ ಪ್ರತ್ಯೇಕ ಪಟ್ಟಿಗಳು ಅದರಲ್ಲಿವೆ. ವಾಕ್ ಮತ್ತು ಶ್ರವಣ ದೋಷಗಳ ಪರೀಕ್ಷೆಗಳನ್ನು ಕನ್ನಡದಲ್ಲಿ ರೂಪಿಸುವಲ್ಲಿ 1965ರಲ್ಲಿ ಸ್ಥಾಪಿತವಾದ ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯು ಬಹುಕಾಲದಿಂದ ದುಡಿದಿದೆ. ಆದರೆ ಕನ್ನಡದ ಸಾಧನವಿದ್ದರೂ ಕನ್ನಡ ಬಲ್ಲ ಪರೀಕ್ಷಕನಿಲ್ಲದ ಊರಿನಲ್ಲಿ ಅದು ಕಪಾಟಿನೊಳಗಿನ ಔಷಧದಂತೆ.

ಆಗಬೇಕಾದ ಸುಧಾರಣೆಗಳು

ಮೊದಲನೆಯದಾಗಿ, ದಾಖಲಾತಿಯ ದಿನವೇ ಮಗುವಿನ ಮನೆಮಾತನ್ನು ಬರೆದಿಟ್ಟುಕೊಳ್ಳಬೇಕು. ತಂದೆ ಹೇಳಿದ 'ಮಾತೃಭಾಷೆ'ಯ ಹೆಸರೊಂದೇ ಸಾಲದು. ಮನೆಯಲ್ಲಿ ಯಾರು ಯಾರೊಡನೆ ಯಾವ ಮಾತು ಆಡುತ್ತಾರೆಂಬ ನಾಲ್ಕು ಸಾಲಿನ ವಿವರ ಬೇಕು. ಇದಕ್ಕೆ ಹಣ ಬೇಕಾಗಿಲ್ಲ.

ಎರಡನೆಯದಾಗಿ, ಯಾವುದೇ ತೀರ್ಮಾನಕ್ಕೆ ಮೊದಲು ಒಂದು ಕ್ರಮವನ್ನು ಪಾಲಿಸಬೇಕು. ಕಣ್ಣು, ಕಿವಿಗಳ ತಪಾಸಣೆ ಮೊದಲು; ಮನೆಮಾತಿನಲ್ಲಿ ಮಾತುಕತೆ ಅನಂತರ; ತರಗತಿಯಲ್ಲಿ ಬೇರೆ ವಿಧಾನದಿಂದ ಕೆಲವು ವಾರ ಕಲಿಸಿ ನೋಡುವುದು ಮೂರನೆಯ ಹೆಜ್ಜೆ; ಆಗಲೂ ಪ್ರಗತಿ ಕಾಣದಿದ್ದರೆ ತಜ್ಞರ ಪರೀಕ್ಷೆ. ಕೇಳಿಸದ ಲಕ್ಷಣ ಸ್ಪಷ್ಟವಾಗಿದ್ದರೆ ಕಾಯಬಾರದು. ಪ್ರಮಾಣಪತ್ರ ಕೈಸೇರುವವರೆಗೆ ನೆರವನ್ನು ತಡೆಹಿಡಿಯುವುದೂ ಸಲ್ಲದು; ಪ್ರಮಾಣಪತ್ರವು ಸೌಲಭ್ಯಗಳಿಗೆ ಬೇಕು, ಪಾಠ ಹೇಳಲು ಬೇಕಿಲ್ಲ.

ಮೂರನೆಯದಾಗಿ, ಪ್ರತಿ ಮಗುವಿಗೂ ಸಿದ್ಧಪಡಿಸುವ ವೈಯಕ್ತಿಕ ಶಿಕ್ಷಣ ಯೋಜನೆಯನ್ನು ತಾಯಿಗೆ ಅರ್ಥವಾಗುವ ಮಾತಿನಲ್ಲಿ ಓದಿ ಹೇಳಬೇಕು. ಸಂಚಾರಿ ಶಿಕ್ಷಕ ವಾರಕ್ಕೊಮ್ಮೆ ಬಂದುಹೋದರೆ ಉಳಿದ ದಿನಗಳ ಶಿಕ್ಷಕರು ತರಗತಿಯ ಉಪಾಧ್ಯಾಯರು ಮತ್ತು ತಾಯಿ. ಅವರಿಗೆ ತಿಳಿಯದ ಯೋಜನೆ ಕಡತದಲ್ಲಿಯೇ ಉಳಿಯುತ್ತದೆ.

ನಾಲ್ಕನೆಯದಾಗಿ, ಕೂಲಿಗೆ ಬಂದ ಕುಟುಂಬ ಸುಗ್ಗಿಗೆ ಊರಿಗೆ ಮರಳಿದಾಗ ಮಗುವಿನ ವಿವರವೂ ಜೊತೆಗೆ ಹೋಗಬೇಕು. ಗಡಿಯ ಆಚೆ ಕರ್ನಾಟಕದಲ್ಲಿಯೂ ತಾಲ್ಲೂಕು ಮಟ್ಟದ ಸಂಪನ್ಮೂಲ ಶಿಕ್ಷಕರಿದ್ದಾರೆ. ಎರಡು ರಾಜ್ಯಗಳ ನಡುವೆ ಒಂದು ಕಾಗದ ಓಡಾಡದಿರುವ ಕಾರಣಕ್ಕೆ ಮಗು ಪ್ರತಿ ವರ್ಷವೂ ಮೊದಲಿನಿಂದ ಆರಂಭಿಸಬೇಕಾಗಬಾರದು.

2009ರ ಶಿಕ್ಷಣ ಹಕ್ಕು ಕಾಯಿದೆಯು ಸಾಧ್ಯವಾದಷ್ಟೂ ಮಗುವಿನ ಮಾತೃಭಾಷೆಯಲ್ಲಿ ಬೋಧನೆ ನಡೆಯಬೇಕೆನ್ನುತ್ತದೆ. ಇಷ್ಟು ಭಾಷೆಗಳ ನಗರದಲ್ಲಿ ಪ್ರತಿ ಶಾಲೆಯೂ ಅದನ್ನು ಪೂರ್ಣವಾಗಿ ನಡೆಸಲಾರದೆಂಬುದನ್ನು ಒಪ್ಪಬೇಕು. ಆದರೆ ಬೋಧನೆಯಲ್ಲಿ ಸಾಧ್ಯವಾಗದಿದ್ದರೂ ಪರೀಕ್ಷಣದಲ್ಲಿ ಮನೆಮಾತನ್ನು ಕೇಳುವುದು ಅಸಾಧ್ಯವಲ್ಲ.

ಕನ್ನಡ ವಿಭಾಗಗಳ ಹೊಣೆ

ಈ ಕಾರ್ಯದಲ್ಲಿ ಕನ್ನಡ ವಿಭಾಗಗಳ ಪಾಲೂ ಇದೆ. ಪ್ರಾಥಮಿಕ ತರಗತಿಗಳಿಗೆ ತಕ್ಕ ಪದಗಳ ಬಳಕೆಯ ಪ್ರಮಾಣವನ್ನು ಎಣಿಸಿ ಪಟ್ಟಿಮಾಡುವುದು, ಒತ್ತಕ್ಷರಗಳ ಕಾಠಿಣ್ಯಕ್ಕೆ ಅನುಗುಣವಾಗಿ ಶ್ರೇಣೀಕೃತ ಓದುಪಾಠಗಳನ್ನು ಸಿದ್ಧಪಡಿಸುವುದು, ಕಲಬುರಗಿ, ಯಾದಗಿರಿ, ರಾಯಚೂರು, ನಾರಾಯಣಪೇಟೆಗಳ ಮಕ್ಕಳ ಆಡುಮಾತನ್ನು ಧ್ವನಿಮುದ್ರಿಸಿ ವಿವರಿಸುವುದು – ಇವೆಲ್ಲ ಸಂಶೋಧನ ವಿದ್ಯಾರ್ಥಿಗಳು ಕೈಗೊಳ್ಳಬಹುದಾದ ವಿಷಯಗಳು. ತೆಲಂಗಾಣದ ಗಡಿಭಾಗದಲ್ಲಿ ಕನ್ನಡ ಮಾಧ್ಯಮದ ಶಾಲೆಗಳಿರುವುದರಿಂದ ಕ್ಷೇತ್ರಕಾರ್ಯಕ್ಕೆ ದೂರ ಹೋಗಬೇಕಾಗಿಲ್ಲ. ಭವಿತ ಕೇಂದ್ರಗಳಲ್ಲಿ ಕನ್ನಡ ಮನೆಮಾತಿನ ಮಗು ಪರೀಕ್ಷೆಗೆ ಬಂದ ದಿನ ಜೊತೆಯಲ್ಲಿ ಕುಳಿತು ಭಾಷಾಂತರಿಸುವ ಸೇವೆಯನ್ನು ಸ್ನಾತಕೋತ್ತರ ವಿದ್ಯಾರ್ಥಿಗಳು ಸಲ್ಲಿಸಬಹುದು. ಅದಕ್ಕೆ ಸ್ವಲ್ಪ ತರಬೇತಿ ಅಗತ್ಯ. ಮಗುವಿನ ಉತ್ತರವನ್ನು ತಿದ್ದದೆ, ಸುಳಿವು ಕೊಡದೆ, ಇದ್ದಂತೆಯೇ ತಿಳಿಸುವುದು ಸುಲಭದ ಕೆಲಸವಲ್ಲ.

ಉಪಭಾಷೆಗಳ ಅಧ್ಯಯನದಲ್ಲಿ ನಮ್ಮ ವಿದ್ವಾಂಸರ ಸಾಧನೆ ದೊಡ್ಡದು. ಆ ತಿಳಿವಳಿಕೆ ಶಾಲೆಯ ಕೊನೆಯ ಸಾಲನ್ನು ತಲುಪಿದರೆ, 'ಈ ಮಗುವಿಗೆ ಏನೂ ಬರುವುದಿಲ್ಲ' ಎಂದು ಬರೆದ ಕಡತದ ಪಕ್ಕದಲ್ಲಿ 'ಈ ಮಗುವಿಗೆ ಕನ್ನಡ ಬರುತ್ತದೆ' ಎಂಬ ಇನ್ನೊಂದು ಸಾಲು ಸೇರುತ್ತದೆ. ಚಿಕಿತ್ಸೆಯಾಗಲಿ ಶಿಕ್ಷಣವಾಗಲಿ ಆ ಸಾಲಿನಿಂದ ಆರಂಭವಾಗುವುದು ಉಚಿತ.